ನಡೆಯುವ ಗೇಟು

ಫೆಬ್ರವರಿ ೨, ಭಾನುವಾರ

ಪಕ್ಷಿ ಸಂಘದ ಸಭೆಗೆ ಹೋಗಿ ಮುಖಭಂಗ ಮಾಡಿಸಿಕೊಂಡು ಬಂದೆ.

ಸಭೆ ನಡೆಯುವುದು ದಂತವೈದ್ಯರ ಕ್ಲಿನಿಕ್ಕಿನಲ್ಲಿ. ಅವರೇ ಅಧ್ಯಕ್ಷರು. ಹಲ್ಲುನೋವಿನವರು ಕಾಯುವ ಕೋಣೆಯಲ್ಲಿ ತಿಂಗಳ ಮೊದಲ ಭಾನುವಾರ ಹಕ್ಕಿ ನೋಡುವವರು ಕೂರುತ್ತಾರೆ. ಗೋಡೆಯ ಮೇಲೆ ಒಸಡಿನ ಚಿತ್ರ, ಪಕ್ಕದಲ್ಲೇ ಗಿಡುಗನ ಚಿತ್ರ. ನಾನು ಹೊಸಬ, ಬಾಯಿ ಮುಚ್ಚಿಕೊಂಡು ಕೂತಿರಬಹುದಿತ್ತು. ಆದರೆ ಹಳೆಯ ಊರಿನಲ್ಲಿ ನನ್ನನ್ನು ಹಕ್ಕಿ ಮೇಸ್ತ್ರಿ ಎಂದು ಕರೆಯುತ್ತಿದ್ದವರು ಯಾರೂ ಇಲ್ಲಿಲ್ಲವಲ್ಲ, ನನ್ನ ತುತ್ತೂರಿ ನಾನೇ ಊದಿಕೊಳ್ಳಬೇಕಾಯಿತು. ನಮ್ಮ ಕ್ವಾರ್ಟರ್ಸಿನ ಹಿಂದಿನ ಕಲ್ಲುಬಯಲಿನಲ್ಲಿ ಮರಳಿನ ಬಣ್ಣದ ಪುಟ್ಟ ಹಕ್ಕಿಯೊಂದನ್ನು ಕಂಡೆ, ಅದು ಪಟ್ಟೆಬಾಲದ ನೆಲಗುಬ್ಬಿ ಎಂದು ಎದ್ದು ನಿಂತು ಸಾರಿದೆ.

ದಂತವೈದ್ಯರು ಕನ್ನಡಕ ಏರಿಸಿಕೊಂಡರು. ಬಾಲದ ತುದಿಯಲ್ಲಿ ಕಪ್ಪು ಪಟ್ಟೆ ಸ್ಪಷ್ಟವಾಗಿ ಕಂಡಿತೇ ಎಂದು ಕೇಳಿದರು. ತುದಿ ಒಂದಿಷ್ಟು ಕಪ್ಪಗಿತ್ತು ಎಂದೆ. ಒಂದಿಷ್ಟೋ, ಪಟ್ಟೆಯೋ? ಓಡುವ ಹಕ್ಕಿ, ಅಷ್ಟೇ ಕಂಡಿದ್ದು ಎಂದೆ. ಕೂಗು ಹೇಗಿತ್ತು? ಹಕ್ಕಿ ಕೂಗಲೇ ಇಲ್ಲ ಎಂದೆ. ಹುಳುಕು ಹಲ್ಲು ಸಿಕ್ಕ ಖುಷಿಯಲ್ಲಿ ನಕ್ಕುಬಿಟ್ಟರು.

"ಅದು ಬರೀ ಮರಳು ನೆಲಗುಬ್ಬಿ ಇರುತ್ತೆ. ಈ ಕಡೆ ಬೇಕಾದಷ್ಟಿವೆ. ಪಟ್ಟೆಬಾಲದ್ದನ್ನ ಇಲ್ಲಿ ನಮ್ಮ ಸಂಘದವರು ಯಾರೂ ಇನ್ನೂ ಕಂಡಿಲ್ಲ. ಎರಡೂ ಒಂದೇ ತರ ಕಾಣ್ತವೆ. ಅದಕ್ಕೇ ನಮ್ಮದೊಂದು ನಿಯಮ. ಬಾಲಾನೂ ಕಂಡಿರಬೇಕು, ಕೂಗೂ ಕೇಳಿರಬೇಕು. ಎರಡೂ ಒಬ್ಬರೇ."

ಒಬ್ಬರೇ ಎನ್ನುವುದನ್ನು ಒತ್ತಿ ಹೇಳಿದರು. ಔಷಧಿ ಅಂಗಡಿಯಾಕೆ ನನ್ನ ಕಡೆ ಕನಿಕರದಿಂದ ನೋಡಿದಳು. ಅವಳ ಕನಿಕರ ಯಾರಿಗೆ ಬೇಕು? ನೇಯ್ಗೆ ಗಿರಣಿಯಲ್ಲಿ ನನ್ನ ಕೈಕೆಳಗೆ ಒಂದು ಇಡೀ ಶೆಡ್ಡು ಮಗ್ಗಗಳಿದ್ದವು. ರಜೆಯ ದಿನ ಜನ ದೂರದಿಂದ ಗರಿ ತಂದು ಇದು ಯಾವ ಹಕ್ಕಿಯದು ಎಂದು ಕೇಳುತ್ತಿದ್ದರು. ಗಿರಣಿ ಮುಚ್ಚಿತು, ಹೆಂಡತಿಗೆ ಈ ಮರಳುಗಾಡಿನ ಅಂಚಿನ ಹೊಸ ಆಸ್ಪತ್ರೆಯಲ್ಲಿ ದೊಡ್ಡ ನರ್ಸಿನ ಹುದ್ದೆ ಸಿಕ್ಕಿತು, ಬಂದೆವು. ಇಲ್ಲಿ ಅವಳು ಡ್ಯೂಟಿಗೆ ಹೋಗುತ್ತಾಳೆ, ನಾನು ಪಾತ್ರೆ ತೊಳೆಯುತ್ತೇನೆ. ಆ ಹಕ್ಕಿಯನ್ನು ಗುರುತಿಸಿ ಸಂಘದ ದಾಖಲೆಯಲ್ಲಿ ನನ್ನ ಹೆಸರು ಬರೆಸದಿದ್ದರೆ ಈ ಊರಿನಲ್ಲಿ ನಾನು ಯಾರೂ ಅಲ್ಲ. ಬೇಸಿಗೆಯ ಬಿಸಿಲು ಏರಿದ ಮೇಲೆ ಹಕ್ಕಿಗಳು ಕೂಗುವುದನ್ನು ನಿಲ್ಲಿಸುತ್ತವೆ. ಅಷ್ಟರೊಳಗೆ ಆಗಬೇಕು.

ಫೆಬ್ರವರಿ ೫, ಬುಧವಾರ

ಬೆಳಿಗ್ಗೆ ದುರ್ಬೀನು ಹಿಡಿದು ಬಯಲು ಸುತ್ತಿದೆ. ಹಕ್ಕಿ ಇದೆ. ಕಲ್ಲುಗಳ ನಡುವೆ ತುರುತುರು ಓಡಿ ನಿಲ್ಲುತ್ತದೆ. ನಿಂತರೆ ಅದೂ ಒಂದು ಕಲ್ಲು. ಕೂಗು ಮಾತ್ರ ಇಲ್ಲ. ಮೂಕ ಹಕ್ಕಿ. ಹಳೆಯ ಊರಿನಲ್ಲೂ ಕೊನೆಕೊನೆಗೆ ಸಣ್ಣ ಹಕ್ಕಿಗಳ ಗದ್ದಲ ಕಡಿಮೆಯಾಗಿತ್ತು. ಕಾಲ ಕೆಟ್ಟಿದೆ.

ಮನೆಗೆ ಬಂದರೆ ಎಕ್ಸ್‌ಚೇಂಜು ಶುರುವಾಯಿತು. ಎಕ್ಸ್‌ಚೇಂಜು ಎಂದರೆ ಹೆಂಡತಿಯ ತಾಯಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಜೀವ ಸವೆಸಿದ ಹೆಂಗಸು. ಈಗ ಕಣ್ಣಿನ ನಡುಭಾಗ ಮಂಜಾಗಿ ಅಂಚಿನಲ್ಲಷ್ಟೇ ಏನೋ ನೆರಳು ಕಾಣುತ್ತದಂತೆ. ಅದಕ್ಕೇ ನಮ್ಮ ಜೊತೆಗಿರುವುದು. ಕಣ್ಣು ಹೋದರೂ ಲೈನು ಜೋಡಿಸುವ ಚಾಳಿ ಹೋಗಿಲ್ಲ. ನಾನು ಹಗಲು ಮಾಡಿದ್ದೆಲ್ಲ ಸಂಜೆ ಮಗಳಿಗೆ ತಲುಪುತ್ತದೆ. ಇವತ್ತು ಓವನ್ನಿನಲ್ಲಿ ಬ್ರೆಡ್ಡು ಸುಟ್ಟುಹೋದದ್ದು ಹೀಗೇ ತಲುಪಿತು. ಓವನ್ನಿನ ಗಂಟೆ ಹೊಡೆದಿದ್ದರೆ ನಾನು ತೆಗೆಯುತ್ತಿರಲಿಲ್ಲವೇ? ಹೊಡೆಯಿತು, ನಿಲ್ಲದೆ ಹೊಡೆಯಿತು ಎಂದು ಎಕ್ಸ್‌ಚೇಂಜಿನ ವಾದ. ಕೆಟ್ಟ ಓವನ್ನು, ಕೆಟ್ಟ ಗಂಟೆ, ಅದರ ಪರವಾಗಿ ಸಾಕ್ಷಿ ಹೇಳಲು ಒಬ್ಬರು.

ಸಾಲದ್ದಕ್ಕೆ ಗೇಟಿನ ದೂರು. ಬೆಳಕು ಹರಿಯುವ ಹೊತ್ತಿಗೆ ನಮ್ಮ ಗೇಟು ಕಿರುಗುಟ್ಟುತ್ತದಂತೆ, ನಿದ್ದೆ ಹಾಳಾಗುತ್ತದಂತೆ. ಅದನ್ನು ಹೇಳುವುದೂ ಕಿರುಚಿಯೇ. ನಾನೇನು ಆಚೆ ಬೀದಿಯಲ್ಲಿದ್ದೇನೆಯೇ?

ಫೆಬ್ರವರಿ ೭, ಶುಕ್ರವಾರ

ಗೇಟಿಗೆ ಎಣ್ಣೆ ಹಾಕಿದೆ. ಮಗ್ಗದ ಎಣ್ಣೆಯ ಡಬ್ಬಿ ಒಂದನ್ನು ನೆನಪಿಗೆಂದು ತಂದಿದ್ದೆ, ಗೇಟಿಗೆ ಖರ್ಚಾಯಿತು. ತಿರುಗಣಿ ಒರೆಸಿ, ತುಕ್ಕು ಕೆರೆದು, ಎರಡು ಸಲ ಹಾಕಿದೆ. ಮೇಸ್ತ್ರಿಯ ಕೆಲಸ ಅಂದರೆ ಹಾಗಿರುತ್ತದೆ.

ಫೆಬ್ರವರಿ ೮, ಶನಿವಾರ

ಗೇಟು ಇನ್ನೂ ಕಿರುಗುಟ್ಟುತ್ತಿದೆಯಂತೆ.

ಫೆಬ್ರವರಿ ೧೧, ಮಂಗಳವಾರ

ಎಡಗಡೆ ಮನೆಯ ಎಲೆಕ್ಟ್ರಿಷಿಯನ್ನಿನ ಗೇಟಿಗೂ ಎಣ್ಣೆ ಹಾಕಿದೆ. ಬಲಗಡೆಯ ಲ್ಯಾಬಿನವರ ಗೇಟಿಗೂ ಹಾಕಿದೆ. ಕ್ವಾರ್ಟರ್ಸಿನ ಗೇಟುಗಳೆಲ್ಲ ಒಂದೇ ಅಚ್ಚು, ಹಸಿರು ಬಣ್ಣ, ಎರಡು ತಿರುಗಣಿ. ಎಲೆಕ್ಟ್ರಿಷಿಯನ್ನು ಬನಿಯನ್ನಿನಲ್ಲೇ ಹೊರಗೆ ಬಂದು, ಆಸ್ಪತ್ರೆಯವರು ನಿಮಗೆ ಈ ಕೆಲಸ ಕೊಟ್ಟಿದ್ದಾರಾ ಎಂದು ಕೇಳಿದ. ಏನು ಹೇಳುವುದು? ಹೌದು ಎಂದುಬಿಟ್ಟೆ. ಹಾಗಾದರೆ ಹಿತ್ತಲ ಬಾಗಿಲಿಗೂ ಒಂದು ತೊಟ್ಟು ಹಾಕಿ ಎಂದ. ಹಾಕಿದೆ.

ಸಂಜೆ ಹೆಂಡತಿ ನಕ್ಕಳು. ಆಮೇಲೆ ನಗು ನಿಲ್ಲಿಸಿ, ನಿಜವಾಗಿ ನಿಮಗೆ ಆ ಕಿರುಗುಟ್ಟುವುದು ಕೇಳಿಸಲ್ಲವಾ ಎಂದಳು. ಇಲ್ಲದ ಸದ್ದು ಹೇಗೆ ಕೇಳಿಸುತ್ತದೆ ಎಂದೆ. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಣ್ಣಿಲ್ಲದವರು ಹೇಗೆ ನೋಡಿದರೋ ಕಾಣೆ, ನೋಡಿದ್ದಂತೂ ನಿಜ.

ಮಗ್ಗಗಳ ಆರ್ಭಟದ ನಡುವೆ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದವನು ನಾನು. ಶೆಡ್ಡಿನ ಆ ತುದಿಯಲ್ಲಿ ಯಾರು ನನ್ನನ್ನು ಬೈದರೂ ಈ ತುದಿಯಲ್ಲಿ ಗೊತ್ತಾಗುತ್ತಿತ್ತು. ನನ್ನ ಕಿವಿಯ ಬಗ್ಗೆ ಇವರು ಮಾತಾಡುತ್ತಾರೆ.

ಫೆಬ್ರವರಿ ೧೪, ಶುಕ್ರವಾರ

ಬಾಲ ಕಂಡೆ.

ಬಿಸಿಲು ಬೀಳುವ ಮೊದಲೇ ಹೋಗಿ, ಒಡೆದ ನೀರಿನ ತೊಟ್ಟಿಯ ಹಿಂದೆ ಹೊಟ್ಟೆಯಡಿ ಚೀಲ ಹಾಕಿಕೊಂಡು ಮಲಗಿದ್ದೆ. ಹಕ್ಕಿ ಹತ್ತಿರಕ್ಕೇ ಬಂತು. ದುಂಡು ತಲೆ, ಗಿಡ್ಡ ಕೊಕ್ಕು. ಬೆದರಿ ಹಾರುವಾಗ ಬಾಲ ಬಿಚ್ಚಿತು: ಕಂದು ಬಾಲ, ತುದಿಗೆ ಕಪ್ಪು ಪಟ್ಟೆ, ಬಟ್ಟೆಯ ಅಂಚಿನ ಹಾಗೆ ನೇರ. ಮಾಸಲಲ್ಲ, ಪಟ್ಟೆ. ಅಂಚು ನೇಯಿಸಿದವನಿಗೆ ಅಂಚು ಗೊತ್ತಾಗದೇ ಇರುತ್ತದೆಯೇ? ದಂತವೈದ್ಯರೇ, ಈಗ ಬನ್ನಿ.

ಇನ್ನು ಕೂಗೊಂದು ಬಾಕಿ. ಪುಸ್ತಕದಲ್ಲಿ ಕೂಗಿನ ವರ್ಣನೆಯನ್ನು ನಾನು ಯಾವತ್ತೂ ಓದುವುದಿಲ್ಲ. ಅದು ಕಿವಿ ಇಲ್ಲದವರಿಗೆ. ನಾನೇ ಕೇಳಿ ಹೇಳುತ್ತೇನೆ.

ಫೆಬ್ರವರಿ ೧೮, ಮಂಗಳವಾರ

ನಾಲ್ಕು ಬೆಳಗು ಹೋದೆ. ಮೌನ. ಇವತ್ತು ಹಕ್ಕಿ ಕಲ್ಲಿನ ಮೇಲೆ ನಿಂತು ಕೊಕ್ಕು ತೆರೆದು ಮುಚ್ಚಿತು, ಮತ್ತೆ ತೆರೆದು ಮುಚ್ಚಿತು. ಆಕಳಿಕೆ ಇರಬೇಕು.

ಫೆಬ್ರವರಿ ೧೯, ಬುಧವಾರ

ಎಕ್ಸ್‌ಚೇಂಜಿಗೆ ತಲೆ ಕೆಟ್ಟಿದೆ ಎಂದು ಹೆಂಡತಿಗೆ ಹೇಳಬೇಕಾಯಿತು. ಇವತ್ತಿನ ಹೊಸ ದೂರು ಏನೆಂದರೆ, ಗೇಟು ನಡೆಯುತ್ತಿದೆಯಂತೆ.

"ಮೊದಲು ಎಲೆಕ್ಟ್ರಿಷಿಯನ್ನಿನ ಮನೆ ಕಡೆ ಕಿರುಗುಡ್ತು. ಆಮೇಲೆ ನಮ್ಮ ಹಿತ್ತಲಿಗೆ ಬಂತು. ಆಮೇಲೆ ಮೇಲಕ್ಕೆ ಹೋಯ್ತು. ಗೇಟು ನಡೀತಾ ಇದೆ ಅಂತೀನಿ."

ಗೇಟು ನಡೆಯುವುದಲ್ಲದೆ ಮೇಲಕ್ಕೂ ಹೋಗುತ್ತದೆ. ನಾನು ನಗಲೂ ಇಲ್ಲ. ಪಾಪ, ವಯಸ್ಸು. ಹೆಂಡತಿ ಮಾತ್ರ ಸ್ಟೆತಾಸ್ಕೋಪನ್ನು ಕೈಯಲ್ಲಿ ಸುತ್ತುತ್ತಾ, ನಾಳೆ ಬೆಳಿಗ್ಗೆ ಅಮ್ಮನನ್ನು ಬಯಲಿಗೆ ಕರೆದುಕೊಂಡು ಹೋಗಿ, ಆ ಗೇಟು ಎಲ್ಲಿದೆಯೋ ತೋರಿಸಲಿ ಎಂದಳು. ನನ್ನ ಹಕ್ಕಿಯ ಬೆಳಗನ್ನು ಇದಕ್ಕೆ ಕೊಡಬೇಕಂತೆ. ಮಾತು ಬೆಳೆಯುವುದು ಬೇಡವೆಂದು ಒಪ್ಪಿದೆ.

ಫೆಬ್ರವರಿ ೨೦, ಗುರುವಾರ

ಹೋದೆವು. ಮಡಿಸುವ ಕುರ್ಚಿ ನನ್ನ ಒಂದು ಕೈಯಲ್ಲಿ, ಅತ್ತೆ ಇನ್ನೊಂದು ಕೈಯಲ್ಲಿ. ಕಲ್ಲುಬಯಲಿನಲ್ಲಿ ಅವರ ಚಪ್ಪಲಿ ಜಾರುತ್ತಿತ್ತು. ಕುರ್ಚಿ ಹಾಕಿ ಕೂರಿಸಿದೆ. ಅವರು ತಲೆಯನ್ನು ಒಂದು ಕಡೆ ವಾಲಿಸಿ, ಎರಡು ಬೆರಳು ಕಿವಿಯ ಹಿಂದೆ ಇಟ್ಟು ಕೂತರು. ಹೆಡ್‌ಫೋನ್ ಹಾಕಿ ಕೂತ ಅಭ್ಯಾಸ ಇರಬೇಕು.

ತುಸು ಹೊತ್ತಿಗೆ "ಹೋ, ಬಂತು" ಎಂದು ಬೆರಳು ಎತ್ತಿದರು. ಏನೂ ಇಲ್ಲ. "ಈಗ ಬಲಕ್ಕೆ" ಎಂದರು. ಬೆರಳು ಬಲಕ್ಕೆ ಸರಿಯಿತು. "ಈಗ ಮೇಲೆ. ಈಗ ಕೆಳಗೆ. ಮತ್ತೆ ಮೇಲೆ." ಬೆರಳು ಗಾಳಿಯಲ್ಲಿ ಅಲೆ ಬರೆಯುತ್ತಿತ್ತು. ಬೆರಳಿನ ತುದಿಯಿಂದ ಆಚೆ ಸುಮ್ಮನೆ ದುರ್ಬೀನು ಹಿಡಿದೆ.

ನನ್ನ ಹಕ್ಕಿ. ಅಲೆಅಲೆಯಾಗಿ ಹಾರುತ್ತಿತ್ತು, ಮೇಲೆದ್ದಾಗ ಕೊಕ್ಕು ತೆರೆಯುತ್ತಿತ್ತು. ಕೊಕ್ಕು ತೆರೆದಾಗಲೆಲ್ಲ ಅತ್ತೆ "ಈಗ" ಎನ್ನುತ್ತಿದ್ದರು. ಒಂದು ಸಲವೂ ತಪ್ಪಲಿಲ್ಲ. ಅದು ಕೂಗುತ್ತಿತ್ತು, ಅವರು ಕೇಳುತ್ತಿದ್ದರು, ನನ್ನ ಕಿವಿಯಲ್ಲಿ ಗಾಳಿ ಬಿಟ್ಟರೆ ಏನೂ ಇರಲಿಲ್ಲ.

ಮನೆಗೆ ಬಂದು ಪುಸ್ತಕದ ಆ ಭಾಗ ಓದಿದೆ. ತುಕ್ಕು ಹಿಡಿದ ತಿರುಗಣಿಯ ಸದ್ದನ್ನು ಹೋಲುವ ಸಣ್ಣ ಕೂಗು ಎಂದು ಬರೆದಿದೆ. ಇಡೀ ಸಾಲಿನ ಗೇಟುಗಳಿಗೆ ಎಣ್ಣೆ ಹಾಕಿದೆನಲ್ಲ, ಹಕ್ಕಿಗೊಂದೇ ಹಾಕಿರಲಿಲ್ಲ.

ಫೆಬ್ರವರಿ ೨೧, ಶುಕ್ರವಾರ

ಆ ಹಕ್ಕಿಯ ದನಿ ತೀರಾ ಸಣ್ಣದು. ಅಷ್ಟೇ.

ಫೆಬ್ರವರಿ ೨೪, ಸೋಮವಾರ

ಹೆಂಡತಿ ಕಿವಿಯ ಪರೀಕ್ಷೆ ಮಾಡಿಸಿದಳು. ಗಾಜಿನ ಪೆಟ್ಟಿಗೆಯಂಥ ಕೋಣೆ. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಬಹಳ ಹೊತ್ತು ಗುಂಡಿ ಒತ್ತುವ ಕೆಲಸ ಇರಲಿಲ್ಲ.

ಮಗ್ಗಗಳು ಕಿವಿ ತಿಂದಿವೆ ಎಂದರು ಪರೀಕ್ಷೆ ಮಾಡಿದವರು. ಮೇಲಿನ ಸ್ಥಾಯಿಯ ದನಿಗಳೆಲ್ಲ ಹೋಗಿವೆ. ಯಂತ್ರ ಹಾಕಿಸಿದರೆ ಮಾತು ಚೆನ್ನಾಗಿ ಕೇಳುತ್ತದೆ, ಅಂಥ ಹಕ್ಕಿಯ ಕೂಗು ಕೇಳುವುದು ಅನುಮಾನ.

ಫೆಬ್ರವರಿ ೨೬, ಬುಧವಾರ

ನಿನ್ನೆ ಬರೆಯುವ ಮನಸ್ಸಿರಲಿಲ್ಲ. ದುರ್ಬೀನನ್ನು ಬೀರುವಿನ ಮೇಲೆ ಎತ್ತಿಟ್ಟಿದ್ದೆ. ಇವತ್ತು ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದಾಗ ಅತ್ತೆ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು, ನನ್ನ ಎದುರಿಗೇ ಸ್ಟೂಲು ಎಳೆದುಕೊಂಡು ಕೂತು, ಮುಂದಿನ ಭಾನುವಾರ ಸಭೆ ಅಲ್ಲವೇ ಎಂದರು. ನಾನು ಹೋಗುವುದಿಲ್ಲ, ಕೂಗು ಕೇಳದವನು ಹೋಗಿ ಏನು ಮಾಡಲಿ ಎಂದೆ.

"ಕೇಳಿಸಿದೆ ಅಂತ ಹೇಳಿ. ಕೂಗು ನಾನು ಕಲಿಸ್ತೀನಿ. ಅವರೇನು ನಿಮ್ಮ ಕಿವಿಯೊಳಗೆ ಕೂತು ನೋಡ್ತಾರಾ?"

ಹೇಳಿದ್ದು ಮೋಸವೇ. ಆದರೆ ಎಷ್ಟು ನೇರವಾಗಿ ಹೇಳಿದರು. ನನಗೆ ನಗು ಬಂತು, ವಾರದಲ್ಲಿ ಮೊದಲ ಸಲ.

ಪಾಠ ಶುರುವಾಯಿತು. ನಾನು ಸಿಳ್ಳೆ ಹಾಕುವುದು, ಅವರು ಸ್ಟೀಲ್ ಲೋಟವನ್ನು ಮೇಜಿಗೆ ಕುಟ್ಟುವುದು. ಒಂದು ಕುಟ್ಟಿದರೆ ಇಳಿಸು, ಎರಡು ಕುಟ್ಟಿದರೆ ಏರಿಸು. ಹಕ್ಕಿಯ ಕೂಗಿನಲ್ಲಿ ಮೊದಲು ಒಂದು ಮೆತ್ತನೆಯ ಎಳೆತ, ಆಮೇಲೆ ಮೇಲಕ್ಕೆ ಜಾರುವ ಸಣ್ಣ ಎಳೆ. ಎಳೆತ ನನಗೆ ಕೇಳುತ್ತಿತ್ತು. ಎಳೆ ಮೇಲಕ್ಕೆ ಹೋದ ಹಾಗೆಲ್ಲ ತುಟಿಯ ಮೇಲೆ ಬರೀ ಗಾಳಿ. ಕೇಳಿಸದ ಸಿಳ್ಳೆಯನ್ನು ಸರಿಮಾಡುವುದು ಹೇಗೆ ಎಂದು ರೇಗಿದೆ. ಲೋಟ ಎರಡು ಸಲ ಕುಟ್ಟಿತು. ಏರಿಸಿದೆ. ಮತ್ತೆ ಎರಡು. ಮತ್ತೆ ಏರಿಸಿದೆ. ಎಂಥ ಹಟ ಈ ಹೆಂಗಸಿನದು. ಎಕ್ಸ್‌ಚೇಂಜಿಗೆ ಹೊಸದಾಗಿ ಸೇರುತ್ತಿದ್ದ ಹುಡುಗಿಯರಿಗೆಲ್ಲ ಇವರೇ ತರಬೇತಿ ಕೊಡುತ್ತಿದ್ದುದಂತೆ. ಉಸಿರು ಕೇಳಿಯೇ ಲೈನಿನಲ್ಲಿ ಯಾರಿದ್ದಾರೆ ಎಂದು ಹೇಳುತ್ತಿದ್ದರಂತೆ. ಇಷ್ಟು ವರ್ಷ ನನಗೆ ಇದನ್ನು ಯಾರೂ ಹೇಳಿರಲಿಲ್ಲ, ಅಥವಾ ಹೇಳಿದಾಗ ನಾನು ಬೇರೆ ಕಡೆ ನೋಡುತ್ತಿದ್ದೆ.

ಕೊನೆಗೊಮ್ಮೆ ಲೋಟ ಕುಟ್ಟಲಿಲ್ಲ. ಅತ್ತೆ ಕೈಯನ್ನು ಗಾಳಿಯಲ್ಲೇ ಹಿಡಿದು ಕೂತಿದ್ದರು.

"ಅದೇ. ಅದೇ ಅದು. ಇನ್ನೊಂದು ಸಲ."

ಇನ್ನೊಂದು ಸಲ ಹಾಕಿದೆ. ಅವರ ಮುಖ ಕಿಟಕಿಯ ಕಡೆ ತಿರುಗಿತು. ಬಯಲಿನಿಂದ ಅದು ಉತ್ತರ ಕೊಟ್ಟಿತು ಎಂದರು. ನಾನು ಕರೆದೆ, ಅದು ಓಗೊಟ್ಟಿತು, ಎರಡೂ ನನಗೆ ಕೇಳಲಿಲ್ಲ. ಆದರೂ ಎದೆ ಉಬ್ಬಿತು ನೋಡಿ.

ಬೀರುವಿನ ಮೇಲಿಂದ ದುರ್ಬೀನು ಇಳಿಸಿದೆ.

ಫೆಬ್ರವರಿ ೨೮, ಶುಕ್ರವಾರ

ಬೆಳಿಗ್ಗೆ ಇಬ್ಬರೂ ಬಯಲಿಗೆ, ಬಂದು ಅಡುಗೆಮನೆಯಲ್ಲಿ ಪಾಠ. ಕುರ್ಚಿಗೆ ಒಂದು ದಿಂಬು ಕಟ್ಟಿದ್ದೇನೆ, ಅದರ ಬಟ್ಟೆ ತಗಡಿನಷ್ಟು ಗಟ್ಟಿ. ಈಗೀಗ ಅತ್ತೆ ಏನು ಹೇಳಿದರೂ ಸಲೀಸಾಗಿ ತಿಳಿಯುತ್ತದೆ, ಕಿರುಚುವುದೂ ಕಡಿಮೆಯಾಗಿದೆ. ನನ್ನ ಕಡೆ ಮುಖ ಮಾಡಿ ಮಾತಾಡುತ್ತಾರೆ, ಅದೇ ಕಾರಣವಿರಬೇಕು. ಓವನ್ನಿನ ಗಂಟೆ ಹೊಡೆದರೆ ನೆಲಕ್ಕೆ ಕಾಲು ತಟ್ಟುತ್ತಾರೆ. ಬ್ರೆಡ್ಡು ಚೆನ್ನಾಗಿ ಬಂತು.

ಹೆಂಡತಿ ಊಟದ ಹೊತ್ತಿನಲ್ಲಿ, ಏನು, ಅಳಿಯ ಅತ್ತೆ ಸೇರಿ ನನ್ನನ್ನೇ ಹೊರಗಿಟ್ಟಿದ್ದೀರಿ ಎಂದು ಕಿಚಾಯಿಸಿದಳು. ಇಲ್ಲದ್ದೆಲ್ಲ ಹೇಳುತ್ತಾಳೆ. ಇದು ಹಕ್ಕಿಯ ಕೆಲಸ.

ಮಾರ್ಚ್ ೨, ಭಾನುವಾರ

ಸೋತು ಬಂದಿದ್ದೇನೆ. ಹಾಗಿದ್ದರೂ ಈ ಊರಿಗೆ ಬಂದ ಮೇಲೆ ಇಷ್ಟು ತಲೆಯೆತ್ತಿ ನಡೆದ ದಿನ ಇನ್ನೊಂದಿಲ್ಲ. ವಿಚಿತ್ರ. ಕ್ರಮವಾಗಿ ಬರೆಯುತ್ತೇನೆ.

ಅತ್ತೆಯೂ ಬರುತ್ತೇನೆಂದರು. ಇಸ್ತ್ರಿ ಮಾಡಿದ ಸೀರೆ ಉಟ್ಟು ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತರು. ನಾನು ಮುಂದೆ ಹೋಗಿ ಬಾಲದ ಪಟ್ಟೆಯನ್ನು ವರ್ಣಿಸಿದೆ: ಎಷ್ಟು ಅಗಲ, ಎಲ್ಲಿ ಶುರು, ನಡುವಿನ ಗರಿಗಳ ಮೇಲೆ ಹೇಗೆ ತುಸು ಮೇಲಕ್ಕೆ ಸರಿಯುತ್ತದೆ. ದಂತವೈದ್ಯರು ತಡೆಯದೆ ಕೇಳಿದರು. ಆಮೇಲೆ ನಿರೀಕ್ಷಿಸಿದ ಪ್ರಶ್ನೆ ಬಂತು, ಕೂಗು?

ಸಿಳ್ಳೆ ಹಾಕಿದೆ. ಲೋಟವಿಲ್ಲದೆ, ತುಟಿಯ ನೆನಪಿನ ಮೇಲೆ. ದಂತವೈದ್ಯರು ಕಣ್ಣು ಮುಚ್ಚಿ ತಲೆಯಾಡಿಸಿದರು. ಔಷಧಿ ಅಂಗಡಿಯಾಕೆ ಎದ್ದೇ ನಿಂತಳು; ತನ್ನ ಹತ್ತಿರ ಧ್ವನಿಮುದ್ರಣ ಇದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದು ನನ್ನ ಪೂರ್ತಿ ಹೆಸರು ಕೇಳಿದರು.

ಮುಗಿದಿತ್ತು. ಹೆಸರು ಹೇಳಿ ಕೂತರೆ ಆಯಿತು. ಆಗ ಕೊನೆಯ ಸಾಲು ಕಂಡಿತು. ಅತ್ತೆಯೂ ಚಪ್ಪಾಳೆ ತಟ್ಟುತ್ತಿದ್ದರು, ಎಲ್ಲರಿಗಿಂತ ಜೋರಾಗಿ, ಎಲ್ಲರೂ ನಿಲ್ಲಿಸಿದ ಮೇಲೂ. ಪಕ್ಕದ ಕುರ್ಚಿಯವನು ಅವರನ್ನು ಯಾರದೋ ಮನೆಯ ಮುದುಕಿ ಎಂಬಂತೆ ನೋಡಿ ಕಾಲು ಸರಿಸಿಕೊಂಡ. ನನಗೆ ಪಿತ್ತ ನೆತ್ತಿಗೇರಿತು. ಈ ಕೋಣೆಯಲ್ಲಿರುವ ಎಲ್ಲರ ಕಿವಿ ಒಟ್ಟು ಸೇರಿಸಿದರೂ ಆ ಒಂದು ಕಿವಿಗೆ ಸಮವಿಲ್ಲ, ಇವನಿಗೆ ಅದು ಗೊತ್ತೇ ಇಲ್ಲ. ಯಾರೂ ಹೇಳದಿದ್ದರೆ ಗೊತ್ತಾಗುವುದಾದರೂ ಹೇಗೆ?

"ಬರೆಯೋ ಮೊದಲು ಒಂದು ಮಾತು," ಎಂದೆ. "ಆ ಕೂಗು ನನಗೆ ಕೇಳಿಸಲ್ಲ. ಒಂದು ಸಲಾನೂ ಕೇಳಿಲ್ಲ. ಕೇಳಿದವರು ಅಲ್ಲಿ ಕೂತಿದ್ದಾರೆ ನೋಡಿ, ನಮ್ಮತ್ತೆ. ನನಗೆ ಕಲಿಸಿದವರೂ ಅವರೇ."

ಅತ್ತೆ ಹಣೆ ಚಚ್ಚಿಕೊಂಡರು. ನಾನು ನಿಲ್ಲಿಸಲಿಲ್ಲ. ನಡೆಯುವ ಗೇಟು, ಬೆರಳಿನ ಅಲೆ, ಸ್ಟೀಲ್ ಲೋಟ, ಉಸಿರಿನಲ್ಲೇ ಜನರನ್ನು ಗುರುತಿಸುತ್ತಿದ್ದದ್ದು, ಎಲ್ಲ ಹೇಳಿದೆ. ಎಲ್ಲರೂ ಹಿಂದೆ ತಿರುಗಿ ನೋಡುತ್ತಿದ್ದರು. ಪಕ್ಕದವನು ಕಾಲು ಮಡಚಿಕೊಂಡು ನೆಟ್ಟಗೆ ಕೂತ. ಔಷಧಿ ಅಂಗಡಿಯಾಕೆ ಹೋಗಿ ಅವರ ಕೈ ಹಿಡಿದುಕೊಂಡಳು.

ದಂತವೈದ್ಯರು ಪೆನ್ನಿನ ಮುಚ್ಚಳ ಹಾಕಿದರು. ಕೆಟ್ಟವರಲ್ಲ, ಬೇಸರದಿಂದಲೇ ಹೇಳಿದರು. ಕಂಡವರು ಒಬ್ಬರು, ಕೇಳಿದವರು ಇನ್ನೊಬ್ಬರು. ಇಬ್ಬರ ಹಕ್ಕಿಯೂ ಒಂದೇ ಎನ್ನುವುದಕ್ಕೆ ಏನು ಗ್ಯಾರಂಟಿ? ನಿಯಮ ನಿಯಮವೇ. ಬೇಕಾದರೆ ಮುಂದಿನ ಭಾನುವಾರ ತಾವೇ ಬಯಲಿಗೆ ಬಂದು ಕಂಡು ಕೇಳುತ್ತಾರಂತೆ. ಆಗ ದಾಖಲೆಯಲ್ಲಿ ಅವರ ಹೆಸರು ಬರುತ್ತದೆ, ನಮ್ಮದಲ್ಲ.

ದಾರಿಯುದ್ದಕ್ಕೂ ಅತ್ತೆ ಬೈದರು. ಬಾಯಿಗೆ ಬಂದ ತುತ್ತನ್ನು ಉಗಿದವರನ್ನು ಇವತ್ತೇ ನೋಡಿದ್ದಂತೆ. ಬೈಯುವಾಗಲೂ ನನ್ನ ತೋಳು ಬಿಡಲಿಲ್ಲ.

ಮಾರ್ಚ್ ೬, ಗುರುವಾರ

ಬಿಸಿಲು ಏರುತ್ತಿದೆ. ಇವತ್ತು ಹಕ್ಕಿ ಎರಡೇ ಸಲ ಕೂಗಿತಂತೆ. ಭಾನುವಾರಕ್ಕೆ ಗಂಟಲು ಉಳಿಸಿಕೊಳ್ಳಲಿ.

ಮಾರ್ಚ್ ೯, ಭಾನುವಾರ

ದಂತವೈದ್ಯರು ಹೇಳಿದ ಹೊತ್ತಿಗೇ ಬಂದರು. ನನ್ನ ದುರ್ಬೀನಿಗಿಂತ ದುಬಾರಿಯ ದುರ್ಬೀನು. ಅತ್ತೆ ಕುರ್ಚಿಯಲ್ಲಿ, ನಾವಿಬ್ಬರೂ ಎರಡು ಕಡೆ. ಕಲ್ಲುಗಳ ಮೇಲೆ ಬೆಳಕು ಇನ್ನೂ ತಣ್ಣಗಿತ್ತು.

ಅತ್ತೆ ಬೆರಳು ಎತ್ತಿದರು. ನಾನು ಅಭ್ಯಾಸದಂತೆ ಬೆರಳಿನಾಚೆ ದುರ್ಬೀನು ಹಿಡಿದು ಹಕ್ಕಿಯನ್ನು ಹಿಡಿದೆ. ದಂತವೈದ್ಯರಿಗೂ ತೋರಿಸಿದೆ. ಅದು ಇಳಿದು, ಓಡಿ, ಮತ್ತೆ ಹಾರುವಾಗ ಬಾಲ ಬಿಚ್ಚಿತು. "ಪಟ್ಟೆ," ಎಂದು ಅವರು ಉಸಿರಿನಲ್ಲೇ ಹೇಳಿದರು. ನಾನು ತುಟಿ ನೋಡಿ ಹಿಡಿದೆ. ಹಕ್ಕಿ ಅಲೆಯಾಗಿ ಏರಿತು, ಕೊಕ್ಕು ತೆರೆಯಿತು, ಅತ್ತೆಯ ಬೆರಳು ಎದ್ದಿತು. ನಾನು ದಂತವೈದ್ಯರ ಮುಖ ನೋಡುತ್ತಿದ್ದೆ. ಮುಖದಲ್ಲಿ ಏನೂ ಆಗಲಿಲ್ಲ. ಇನ್ನೊಮ್ಮೆ ಬೆರಳು. ಇನ್ನೊಮ್ಮೆ ಏನೂ ಇಲ್ಲ.

ಹಕ್ಕಿ ಇಳಿದು ಕಲ್ಲುಗಳ ನಡುವೆ ಮರೆಯಾಯಿತು. ಅತ್ತೆಯ ಕೈಗಳು ಮಡಿಲಿನಲ್ಲಿದ್ದವು. ಆಗ ದಂತವೈದ್ಯರು ತಲೆಯಾಡಿಸಿ, "ಹ್ಞಾಂ, ಈಗ ಕೇಳಿಸ್ತು. ಚೆನ್ನಾಗಿ ಕೇಳಿಸ್ತು," ಎಂದರು.

ಆ ತಲೆಯಾಟ ನನಗೆ ಗೊತ್ತು. ಅದು ನನ್ನದೇ. ಹೆಂಡತಿಯ ಎದುರು, ಫೋನಿನಲ್ಲಿ, ಬಯಲಿನಲ್ಲಿ, ಎಲ್ಲ ಕಡೆ ಆಡಿಸಿದ್ದೇನೆ. ಹುಳುಕು ಹಲ್ಲು ಈಗ ನನ್ನ ಕೈಗೆ ಸಿಕ್ಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳೇಕೆ. ಆದರೆ ಅಷ್ಟರಲ್ಲಿ ಅತ್ತೆ ಅವರ ಕಡೆ ಪೂರ್ತಿ ಮುಖ ತಿರುಗಿಸಿ, ನನ್ನ ಜೊತೆ ಮಾತಾಡುವ ಹಾಗೇ, ಒಂದೊಂದೇ ಮಾತು ಬಿಡಿಸಿ ಹೇಳಿದರು.

"ಡಾಕ್ಟ್ರೇ, ಹಲ್ಲು ಕೊರೆಯೋ ಆ ಮೆಷಿನ್ ಹಿಡಿದು ಎಷ್ಟು ವರ್ಷ ಆಯ್ತು?"

"ಮೂವತ್ತರ ಮೇಲೆ ಆಯ್ತು."

"ನಮ್ಮ ಅಳಿಯಂದಿರೂ ಮಗ್ಗದ ಮುಂದೆ ಅಷ್ಟೇ ವರ್ಷ ನಿಂತವರು. ಹಕ್ಕಿ ಈಗ ಕೂಗಲಿಲ್ಲ. ಆಗಲೇ ಕೂಗಿತ್ತು."

ಎಷ್ಟು ಮೆತ್ತಗೆ ಹೇಳಿದರೆಂದರೆ, ಅದರಲ್ಲಿ ಚುಚ್ಚುವ ತುದಿಯೇ ಇರಲಿಲ್ಲ. ದಂತವೈದ್ಯರು ದುರ್ಬೀನಿನ ಗಾಜು ಒರೆಸಿದರು. ಒರೆಸಿದ್ದನ್ನೇ ಒರೆಸಿದರು. ನನ್ನ ಕಡೆ ನೋಡಲಿಲ್ಲ. ನಾನೂ ಬಯಲಿನ ಕಡೆ ನೋಡಿದೆ, ಅಷ್ಟು ಮರ್ಯಾದೆ ನನಗೂ ಗೊತ್ತು. ಆಮೇಲೆ ಅವರು ಕುರ್ಚಿಯ ಪಕ್ಕ ಮೊಣಕಾಲೂರಿ ಕೂತರು.

"ಅಮ್ಮಾ, ಮತ್ತೆ ಕೂಗಿದಾಗ ಕೈ ಎತ್ತಿ. ನಾನು ಹಕ್ಕಿಯ ಬಾಯಿ ನೋಡ್ತಿರ್ತೀನಿ."

ಕಾದೆವು. ಬಿಸಿಲು ಬೆನ್ನು ಮುಟ್ಟಿತು. ಇವತ್ತಿಗೆ ಮುಗಿಯಿತೇನೋ ಎಂದುಕೊಳ್ಳುವಾಗ ಹಕ್ಕಿ ಎದ್ದಿತು. ಗಂಡಸರಿಬ್ಬರು, ಒಬ್ಬ ಅಧ್ಯಕ್ಷ, ಒಬ್ಬ ಮೇಸ್ತ್ರಿ, ಒಬ್ಬ ಹಕ್ಕಿಯ ಕೊಕ್ಕನ್ನು, ಇನ್ನೊಬ್ಬ ಮುದುಕಿಯ ಬೆರಳನ್ನು ನೋಡುತ್ತಾ ನಿಂತಿದ್ದೆವು. ಕೊಕ್ಕು ತೆರೆದಾಗ ಅವರು "ಈಗ" ಎನ್ನುತ್ತಿದ್ದರು, ಬೆರಳು ಎದ್ದಾಗ ನಾನು "ಈಗ" ಎನ್ನುತ್ತಿದ್ದೆ. ಎರಡು "ಈಗ"ಗಳೂ ಒಂದೇ ಸಲ ಬರುತ್ತಿದ್ದವು. ಪ್ರತಿ ಸಲವೂ.

ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ದಂತವೈದ್ಯರು ದಾಖಲೆಯ ಹಾಳೆ ಬಿಡಿಸಿದರು. ಡ್ಯೂಟಿಗೆ ಹೊರಟಿದ್ದ ಹೆಂಡತಿ ಬ್ಯಾಗು ಹೆಗಲಿಗೇರಿಸಿಕೊಂಡೇ ಬಾಗಿಲಲ್ಲಿ ನಿಂತಳು. ಒಬ್ಬರೇ ಎನ್ನುವ ನಿಯಮವನ್ನು ಮುಂದಿನ ಸಭೆಯಲ್ಲಿ ತೆಗೆಸುತ್ತೇನೆ, ಏಕೆ ತೆಗೆಸಿದೆ ಎನ್ನುವುದನ್ನೂ ನಾನೇ ಹೇಳುತ್ತೇನೆ ಎಂದರು ದಂತವೈದ್ಯರು. ಹೇಳಬೇಕಾದ ಅಗತ್ಯವಿರಲಿಲ್ಲ. ಅವರ ಬಗ್ಗೆ ಮೊದಲು ಬರೆದದ್ದರಲ್ಲಿ ಅರ್ಧ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಪೆನ್ನು ನನ್ನ ಕೈಗೆ ಕೊಟ್ಟರು. ಹಕ್ಕಿಯ ಹೆಸರು ಬರೆದೆ. ಕಂಡವರು ಎನ್ನುವ ಕಡೆ ಅವರ ಹೆಸರು, ನನ್ನ ಹೆಸರು. ಹೋದ ತಿಂಗಳೆಲ್ಲ ಇದಕ್ಕಾಗಿ ಒದ್ದಾಡಿ, ಬರೆಯುವಾಗ ಸರಸರ ಬರೆದು ಮುಂದೆ ಹೋದೆ, ಕೆಳಗಿನ ಸಾಲಿನ ಅವಸರದಲ್ಲಿ. ಕೇಳಿದವರು ಎನ್ನುವ ಕಡೆ ನಮ್ಮತ್ತೆಯ ಪೂರ್ತಿ ಹೆಸರನ್ನು, ಅವರ ತಂದೆಯ ಹೆಸರೂ ಸೇರಿಸಿ, ದುಂಡಗೆ ಬರೆದೆ. ಬೇರೆ ಯಾರ ಹೆಸರೂ ಆ ಸಾಲಿನಲ್ಲಿಲ್ಲ.

ಏನು ಬರೆದಿರಿ, ಓದಿ ಎಂದರು ಅತ್ತೆ. ಓದಿದೆ.

ಇನ್ನೊಂದು ಸಲ ಓದಿ ಎಂದರು. ಓದಿದೆ.

ಮೂರನೆಯ ಸಲ ಅವರು ಕೇಳಲಿಲ್ಲ. ನಾನೇ ಓದಿದೆ, ಪಕ್ಕದ ಮನೆಗೂ ಕೇಳಿಸುವಷ್ಟು ಜೋರಾಗಿ.